ಗ್ಯಾರೇಜಿನ ಛತ್ತಿಗೆ ಒಂದು ಬಡಿತ

ನಮ್ಮ ಮನೆಯಲ್ಲಿ ಊಟಕ್ಕೆ ಯಾರನ್ನೂ ಕೂಗಿ ಕರೆಯುವ ರೂಢಿ ಇರಲಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಕೂಗಿದರೆ ಕೇಳಿಸುವುದೂ ಇಲ್ಲ. ಎರಡೂ ಬದಿಯ ಮನೆಗಳಲ್ಲಿ ಪಾವರ್‌ಲೂಮ್‌ಗಳಿವೆ. ಕರೆಂಟು ಇರುವಷ್ಟು ಹೊತ್ತು ಅವುಗಳ ಸದ್ದು ನಮ್ಮ ಗೋಡೆಯೊಳಗೇ ಇರುತ್ತದೆ. ನಮ್ಮದು ಮಾತ್ರ ಕೈಮಗ್ಗವಾಗಿತ್ತು. ಕೆಳಗಿನ ಕೋಣೆಯ ನೆಲದಲ್ಲಿ ತೋಡಿದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಸೀರೆ ನೇಯುತ್ತಿದ್ದ. ಅವ್ವ ಮೇಲಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಡುಗೆ ಆದ ಮೇಲೆ ಯಾಲಕ್ಕಿ ಜಜ್ಜುವ ಕುಟ್ಟಾಣಿಯ ಹಿತ್ತಾಳೆ ಗುಂಡನ್ನು ತೆಗೆದುಕೊಂಡು ನೆಲಕ್ಕೆ ಎರಡು ಸಲ ಬಡಿಯುವಳು. ಎರಡು ಎಂದರೆ ಊಟ. ಒಂದೇ ಎಂದರೆ ಯಾರೋ ಬಂದಿದ್ದಾರೆ. ಬಡಿತ ಸ್ಲ್ಯಾಬಿನ ಮೂಲಕ ಕೆಳಗಿಳಿಯುತ್ತಿತ್ತು. ಕೆಳಗೆ ಮಗ್ಗ ನಿಲ್ಲುತ್ತಿತ್ತು. ಅದು ನಿಲ್ಲುವುದೇ ಉತ್ತರ. ಮಗ್ಗ ನಿಂತ ಕೂಡಲೇ ನಾನು ತಾಟು ಹಾಕುತ್ತಿದ್ದೆ.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅಪ್ಪ ನೇಯುವುದನ್ನು ಬಿಟ್ಟ. ಮಗ್ಗ ಬಿಚ್ಚಿದ, ತಗ್ಗು ಮುಚ್ಚಿದ, ಮುಂದಿನ ಗೋಡೆ ಒಡೆಸಿ ಶಟರ್ ಕೂಡಿಸಿದ, ಸಣ್ಣದೊಂದು ಗೂಡ್ಸ್ ಗಾಡಿ ತಂದು ಅಲ್ಲಿ ನಿಲ್ಲಿಸಿದ. ಬೇರೆಯವರು ನೇಯ್ದ ಸೀರೆಗಳ ಗಂಟುಗಳನ್ನು ಜಮಖಂಡಿಗೆ, ಮುಧೋಳಕ್ಕೆ ಮುಟ್ಟಿಸುವ ಕೆಲಸ. ಅಜ್ಜನ ಕಾಲದಿಂದ ಮಗ್ಗದ ಖೋಲಿ ಎನ್ನಿಸಿಕೊಂಡಿದ್ದ ಜಾಗಕ್ಕೆ ನಾವೆಲ್ಲ ಗ್ಯಾರೇಜು ಎನ್ನತೊಡಗಿದೆವು. ಬಾಡಿಗೆ ಇಲ್ಲದ ದಿನವೂ ಅಪ್ಪ ಅಲ್ಲೇ ಇರುತ್ತಿದ್ದ. ಒರೆಸಿದ ಗಾಡಿಯನ್ನೇ ಮತ್ತೆ ಒರೆಸುತ್ತಿದ್ದ. ಅವ್ವ ಬಡಿಯುವುದನ್ನು ಬಿಡಲಿಲ್ಲ, ಆದರೆ ನಿಲ್ಲುವುದಕ್ಕೆ ಈಗ ಮಗ್ಗ ಇರಲಿಲ್ಲ. ಶಟರ್ ಎಳೆಯಲು ತುದಿಗೆ ಕೊಕ್ಕೆ ಇರುವ ಉದ್ದನೆಯ ಕಬ್ಬಿಣದ ಸಳಿ ಇತ್ತು. ಅಪ್ಪ ಅದನ್ನು ಮೇಲೆತ್ತಿ ಛತ್ತಿಗೆ ಒಂದು ಸಲ ಕುಟ್ಟುತ್ತಿದ್ದ. ಬಂದೆ ಎಂದು ಅರ್ಥ.

ಅಪ್ಪ ತೀರಿಕೊಂಡದ್ದು ಆ ಗ್ಯಾರೇಜಿನಲ್ಲಿ, ಗಾಡಿಯ ಸೀಟಿನ ಮೇಲೆ ಕೂತಿದ್ದಾಗ, ಮಧ್ಯಾಹ್ನದ ಊಟದ ಹೊತ್ತಿಗೆ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಏನಾಯಿತೆಂದು ಅವ್ವ ನನಗೆ ಹೇಳಿದ್ದು ಒಂದೇ ಸಲ, ಮಣ್ಣು ಮಾಡಿ ಬಂದ ದಿನ. ಅವಳು ಎರಡು ಸಲ ಬಡಿದಳು. ಉತ್ತರ ಬರಲಿಲ್ಲ. ಲೂಮುಗಳ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಮತ್ತೆ ಬಡಿದಳು. ಆಮೇಲೆ ಸಿಟ್ಟು ಬಂದು, ಬಂದಾಗ ಬರಲಿ ಎಂದು ತಾನೇ ಉಂಡಳು. ಮೊಣಕಾಲು ಆಗಲೇ ನೋಯುತ್ತಿದ್ದವು. ಇಳಿದು ನೋಡಲಿಲ್ಲ.

"ನಾ ಉಂಡೆ," ಎಂದಳು. ಅದರ ಮೇಲೆ ಆ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಗಾಡಿ ಮಾರಿದೆವು. ಶಟರ್ ಇಳಿಯಿತು. ಕುಟ್ಟಾಣಿಯ ಗುಂಡು ಅಡುಗೆಮನೆಯ ಎಲ್ಲಕ್ಕಿಂತ ಮೇಲಿನ ಹಲಗೆಗೆ ಹೋಯಿತು. ಯಾಲಕ್ಕಿಯನ್ನು ಅವ್ವ ಲಟ್ಟಣಿಗೆಯಿಂದ ಜಜ್ಜುವುದನ್ನು ಕಲಿತಳು. ನಾನು ಓದು ಮುಗಿಸಿ ಬಂದು ಜಮಖಂಡಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿಕೊಂಡೆ. ಮುಂಜಾನೆ ಬಸ್ಸು, ಸಂಜೆ ಬಸ್ಸು. ಸಂಜೆ ಶಟರಿನ ಮುಂದೆ ಹಾದು ಮೆಟ್ಟಿಲು ಹತ್ತುವಾಗ ನಾನು ಅತ್ತ ನೋಡುತ್ತಿರಲಿಲ್ಲ. ನೋಡಬಾರದೆಂದು ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ನಮ್ಮ ಪಾಲಿಗೆ ಬಂದದ್ದು ಕೆಳಗೆ ಆ ಒಂದು ಕೋಣೆ, ಮೇಲೆ ಅಡುಗೆಮನೆ ಮತ್ತು ಎರಡು ಕೋಣೆ. ಕೆಳಗಿನ ಉಳಿದ ಭಾಗ ಕಾಕಾನ ಹಿಸ್ಸೆ, ಅದರ ಬಾಗಿಲು ಬೇರೆ ಓಣಿಗಿದೆ. ಮೇಲಕ್ಕೂ ಕೆಳಕ್ಕೂ ನಡುವೆ ಹೊರಗಿನ ಕಲ್ಲಿನ ಮೆಟ್ಟಿಲು, ಇಕ್ಕಟ್ಟು, ಕಡಿದು. ಅವ್ವನ ಮೊಣಕಾಲು ಕೆಡುತ್ತ ಹೋಗಿ, ಶ್ರಾವಣದ ಹೊತ್ತಿಗೆ ಅವಳು ಇಳಿಯುವುದನ್ನೇ ನಿಲ್ಲಿಸಿದ್ದಳು. ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದ ಹೆಂಗಸು, ಕಿಟಕಿಯಿಂದ ಓಣಿಯವರ ನೆತ್ತಿ ನೋಡುವ ಹೆಂಗಸಾದಳು. ಮಾತು ಕಡಿಮೆಯಾಯಿತು. ನಾನು ಕಾಲೇಜಿನಿಂದ ಬಂದಾಗ, ಹೋಗುವಾಗ ಎಲ್ಲಿ ಕೂತಿದ್ದಳೋ ಅಲ್ಲೇ ಇರುತ್ತಿದ್ದಳು. ಮೆಟ್ಟಿಲು ಬಿಡಿಸದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದರು. ಬಿಡಿಸುವುದಕ್ಕೆ ನಮಗೆ ಇದ್ದದ್ದು ಗ್ಯಾರೇಜು ಒಂದೇ.

"ಗ್ಯಾರೇಜ್ನಾಗ ನಿನಗೊಂದು ಖೋಲಿ ಮಾಡೂಣು," ಎಂದೆ.

"ನನಗ ಖೋಲಿ ಐತಲ್ಲ."

"ಕೆಳಗಿದ್ದರ ಕಟ್ಟಿ ಮ್ಯಾಲೆ ಕೂಡಬಹುದು ಬೇ. ಗುಡಿಗೆ ಹೋಗಬಹುದು."

"ಗುಡ್ಯಾಗಿನ ದೇವರು ನಾ ಬರಲಿಲ್ಲಂತ ಅಳಾಕತ್ತಾನೇನು?" ಎಂದಳು. ಕಿಟಕಿಯತ್ತ ತಿರುಗಿ, "ನಾ ಅಲ್ಲೆ ಇದ್ದು, ಮ್ಯಾಲಿಂದ ಬಡದರ ಯಾರು ಓ ಅನ್ನಬೇಕು?" ಎಂದಳು.

"ಮ್ಯಾಲೆ ನಾ ಅಷ್ಟ ಇರ್ತೇನಿ."

"ಹೂಂ," ಎಂದಳು. ಒಪ್ಪಿದ ಹೂಂ ಅಲ್ಲ.

ಅವಳನ್ನು ಒಪ್ಪಿಸುವುದಕ್ಕೆ ನಾನು ಕಾಯಲಿಲ್ಲ. ಅತಿಥಿ ಉಪನ್ಯಾಸಕರ ಸಂಬಳ ಬಂದಾಗ ಬರುತ್ತದೆ, ಹಾಗಾಗಿ ಏನು ಮಾಡಬೇಕು ಎನ್ನುವುದಕ್ಕಿಂತ ಏನು ಬಿಡಬಹುದು ಎಂದು ಮೊದಲು ಯೋಚಿಸಿದೆ. ಟೈಲ್ಸ್ ಬಿಟ್ಟೆ. ಮುಧೋಳದಲ್ಲಿ ಹಳೆಯ ಅಂಗಡಿಯೊಂದನ್ನು ಕೆಡವಿದಾಗ ತೆಗೆದಿಟ್ಟ ಶಹಾಬಾದ ಫರಸಿ ಸಿಕ್ಕಿತು. ಕಾಲಾಡಿ ಕಾಲಾಡಿ ನುಣುಪಾದ ಕಲ್ಲು. ಹಿಂದಿನ ಮೂಲೆಯಲ್ಲಿ ಬಚ್ಚಲು, ಸಂಡಾಸ. ಶಟರ್ ಇದ್ದ ಕಡೆ ಗೋಡೆ, ಒಂದು ಬಾಗಿಲು, ಒಂದು ಕಿಟಕಿ. ಅವೂ ಹಳೆಯವೇ ಆಗಬೇಕು.

ಗಾರೆ ಕೆಲಸದ ಗೌಂಡಿ ರನ್ನ ಬೆಳಗಲಿ ಎಂಬ ಊರಿನಿಂದ ಬರುತ್ತಿದ್ದ, ಮೋಟರ್‌ಸೈಕಲ್ ಮೇಲೆ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು. ಇಬ್ಬರೂ ಕೂಡಿಯೇ ಕೆಲಸ ಮಾಡುತ್ತಿದ್ದರು. ಮೊದಲ ದಿನ ಶಟರ್ ಎತ್ತಿ ಒಳಗೆ ನಿಂತು ಸುತ್ತ ನೋಡಿ ಕೇಳಿದ:

"ಅಕ್ಕಾರ, ಇದು ಮನಿ ಆಗಬೇಕೋ, ಮನಿ ಅನಸಬೇಕೋ?"

"ಅನಸಿದರ ಸಾಕು," ಎಂದೆ.

"ಹಂಗಾದ್ರ ಸಸ್ತಾದಾಗ ಆಕ್ಕೈತ್ರಿ."

"ಈತನ ಸಸ್ತಾ ನಂಬಬ್ಯಾಡ್ರಿ," ಎಂದಳು ಅವನ ಹೆಂಡತಿ, ಬುಟ್ಟಿ ಇಳಿಸುತ್ತ. "ನನ್ನ ಲಗ್ನಾನೂ ಸಸ್ತಾದಾಗ ಮಾಡ್ಯಾನ."

ಕೋಣೆಯ ನಡುವೆ ನೆಲ ಕುಸಿದಿತ್ತು. ಒಬ್ಬ ಮನುಷ್ಯ ಕೂತು ಕಾಲು ಚಾಚುವಷ್ಟು ಉದ್ದ, ಅಷ್ಟೇ ನೇರವಾದ ಅಂಚು. ಸಿಮೆಂಟಿನ ಮೇಲೆ ಆ ಆಕಾರದಲ್ಲೇ ಹಸಿ ಮೂಡುತ್ತಿತ್ತು, ಬೇಸಿಗೆಯಲ್ಲೂ ಒಣಗುತ್ತಿರಲಿಲ್ಲ. ಗಾಡಿಯ ಒಂದು ಗಾಲಿ ಯಾವಾಗಲೂ ಅಲ್ಲಿ ವಾಲಿಕೊಂಡು ನಿಲ್ಲುತ್ತಿದ್ದುದು ನನಗೆ ನೆನಪಿತ್ತು. ಗೌಂಡಿ ಹಾರೆಯಿಂದ ಒಂದು ಏಟು ಹಾಕಿದ. ಹಾರೆ ಒಳಗೇ ಇಳಿದುಹೋಯಿತು. ಎಳೆದಾಗ ಅದರ ತುದಿಗೆ ಕೆಂಪು ನೂಲು ಸುತ್ತಿಕೊಂಡಿತ್ತು.

ತಗ್ಗಿನ ತುಂಬ ನೂಲಿನ ಚಿಂದಿ. ಇದು ನಮ್ಮ ಓಣಿಯವರು ಮಾತ್ರ ಮಾಡುವ ತಪ್ಪು. ತಗ್ಗು ತುಂಬಲು ಗರಸು, ಅಂದರೆ ಹರಳು ಕಲೆತ ಗಟ್ಟಿ ಮಣ್ಣು, ಬೇಕೆಂದರೆ ಊರ ಹೊರಗಿನಿಂದ ಟ್ರ್ಯಾಕ್ಟರಿನಲ್ಲಿ ತರಿಸಬೇಕು. ಚಿಂದಿಯಾದರೆ ಪಕ್ಕದ ಲೂಮುಗಳಲ್ಲಿ ಚೀಲಗಟ್ಟಲೆ ಬಿದ್ದಿರುತ್ತದೆ, ಪುಕ್ಕಟೆ. ಅಪ್ಪ ಅದನ್ನು ಸುರಿದು, ತುಳಿದು, ಮೇಲೊಂದು ತೆಳ್ಳಗಿನ ಮಣ್ಣು, ಅದರ ಮೇಲೆ ಸಿಮೆಂಟು ಹಾಕಿಸಿದ್ದ. ಆಗ ಗಟ್ಟಿಯೆನಿಸಿರಬೇಕು. ಒಳಗೆ ಅದು ಕೊಳೆಯುತ್ತ, ಇಳಿಯುತ್ತ ಇತ್ತು. ಮಗ್ಗ ತೆಗೆದ ಎಷ್ಟೋ ಮನೆಗಳ ನೆಲ ಹೀಗೇ ಇದೆ ಎಂದು ಆಮೇಲೆ ಗೊತ್ತಾಯಿತು. ಎಲ್ಲರೂ ಚಾಪೆ ಹಾಸಿದ್ದಾರೆ.

"ಏನ್ರಿ ಇದು, ಕೌದಿ ತುಂಬ್ಯಾರಲ್ಲ!" ಎಂದ ಗೌಂಡಿ. ಅವನ ಹೆಂಡತಿ ಬುಟ್ಟಿ ಬುಟ್ಟಿ ಹೊರಗೆ ಹಾಕಿದಳು. ಮೇಲಿನದು ಕಪ್ಪಾಗಿತ್ತು. ತಳದಲ್ಲಿ ಹಸಿರು, ಕೆಂಪು, ಅರಿಸಿಣ ಬಣ್ಣ ಹಾಗೇ ಇದ್ದವು. ಹುಳಿತ ಗಂಜಿಯ ವಾಸನೆ ಬಂತು. ನೇಯುವ ಮೊದಲು ಹಾಸಿನ ನೂಲಿಗೆ ಹಚ್ಚುವ ಗಂಜಿ. ಚಿಕ್ಕವಳಿದ್ದಾಗ ಅಪ್ಪನ ಅಂಗಿಗೆ ಬರುತ್ತಿದ್ದ ವಾಸನೆ. ಸತ್ತವನ ಅಂಗಿಗಳನ್ನು ಒಗೆದು ಕೊಟ್ಟುಬಿಟ್ಟಿದ್ದೆವು. ವಾಸನೆ ಇಲ್ಲಿ ಉಳಿದಿತ್ತು.

ಗಂಡ ಹೆಂಡತಿ ಚಹಾಕ್ಕೆ ಹೋದಾಗ ನಾನು ತಗ್ಗಿನ ಅಂಚಿಗೆ ಕೂತು ಕಾಲು ಇಳಿಬಿಟ್ಟೆ. ಬಲಗಡೆಯ ಗೋಡೆಯಲ್ಲಿ ಒಂದು ಸಣ್ಣ ಗೂಡಿತ್ತು, ಲಾಳಿ, ತಂಬಾಕು ಇಡುವುದಕ್ಕೆ ಮಾಡಿದ್ದು. ಏನಾದರೂ ಇರಬಹುದು ಎಂದು ಕೈ ಹಾಕಿದೆ. ಏನೂ ಇರಲಿಲ್ಲ. ಹಿಂದಿನ ಮಣ್ಣಿನ ಗೋಡೆ ಹಿಮ್ಮಡಿ ತಾಗುವ ಕಡೆ ನುಣ್ಣಗೆ ಸವೆದಿತ್ತು. ನನ್ನ ಹಿಮ್ಮಡಿ ಅಲ್ಲಿಗೇ ತಾಗಿತು. ಅಲ್ಲಿ ಕೂತರೆ ನಿಂತವರ ಮುಖ ಕಾಣುವುದಿಲ್ಲ, ಕಾಲುಗಳು ಕಾಣುತ್ತವೆ. ಅಪ್ಪ ನಮ್ಮನ್ನು ಅಷ್ಟು ವರ್ಷ ಕಾಲಿನಿಂದ ಗುರುತಿಸಿದ್ದ. ಹೆಚ್ಚು ಹೊತ್ತು ಕೂರಲಾಗಲಿಲ್ಲ. ಯಾರೋ ಬಂದು ಎದುರಿಗೆ ನಿಂತರೆ ಕಾಲು ನೋಡಬೇಕಾದೀತು ಎನ್ನಿಸಿತು.

ತಗ್ಗಿಗೆ ಗರಸು ತುಂಬಿಸಿದೆ. ನೀರು ಹಾಕಿ ದಮ್ಮಸು ಹೊಡೆದರು, ಮತ್ತೆ ನೀರು, ಮತ್ತೆ ದಮ್ಮಸು. ನೆಲ ಬಿಗಿಯುವವರೆಗೆ ಆ ಧಪ್ ಧಪ್ ಮೇಲೆ ಅಡುಗೆಮನೆಯ ಪಾತ್ರೆಗಳಲ್ಲಿ ನಡುಗುತ್ತಿತ್ತು. ಅವ್ವ ಕಿಟಕಿ ಮುಚ್ಚಿಕೊಂಡಳು.

ಛತ್ತಿನ ಗಿಲಾವಿನ ಗಾರೆ ಎಲ್ಲಿ ಬಿಟ್ಟುಕೊಂಡಿದೆ ಎಂದು ನೋಡಬೇಕಾಗಿತ್ತು. ಅದು ಮಧ್ಯಾಹ್ನ. ಕರೆಂಟು ಹೋಗಿತ್ತು, ಓಣಿಯ ಲೂಮುಗಳೆಲ್ಲ ಒಮ್ಮೆಲೇ ನಿಂತಿದ್ದವು. ಬನಹಟ್ಟಿಯಲ್ಲಿ ಹಾಗಾದಾಗ ಕಿವಿಗೆ ಏನೋ ಆದಂತೆ ಅನಿಸುತ್ತದೆ. ಗೌಂಡಿ ಮೂಲೆಯಲ್ಲಿದ್ದ ಶಟರಿನ ಸಳಿ ತೆಗೆದುಕೊಂಡು ಛತ್ತಿಗೆ ಒಂದು ಸಲ ಕುಟ್ಟಿದ. ಕಿವಿಗೊಟ್ಟು ಕೇಳಿದ.

ಮೇಲಿನಿಂದ ಎರಡು ಬಡಿತ ಬಂದವು.

ಅವನು ಸಳಿ ಇಳಿಸಿದ. "ಅಕ್ಕಾರ, ಮ್ಯಾಲೆ ಯಾರೋ ಬಡಿಯಾಕತ್ತಾರ್ರಿ."

ನಾನು ಮೆಟ್ಟಿಲು ಹತ್ತಿ ಹೋದೆ. ಅವ್ವ ಒಲೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಕುಟ್ಟಾಣಿಯ ಗುಂಡು. ಮೇಲಿನ ಹಲಗೆಯ ಕೆಳಗೆ ಸ್ಟೂಲು ಇತ್ತು. ಆ ಕಾಲುಗಳಿಂದ ಅದರ ಮೇಲೆ ಹೇಗೆ ಹತ್ತಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಎದುರಿಗೆ ಒಂದು ತಾಟು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಪಕ್ಕದಲ್ಲಿ ಮಜ್ಜಿಗೆ.

"ಅದು ಗೌಂಡಿ, ಅವ್ವಾ. ಗಿಲಾವು ನೋಡಾಕತ್ತಾನ."

"ಗೊತ್ತೈತಿ," ಎಂದಳು. ಅವಳ ದನಿ ಯಾವಾಗಲಿನಂತೆಯೇ ಇತ್ತು. "ಕೇಳಿಸಿತು, ಕೈ ತಾನ ಹೋತು. ತಾಟು ಹಾಕಿಬಿಟ್ಟೇನಿ. ಅವಗ ಕೊಡು. ಹಾಕಿದ ತಾಟು ಹಂಗ ಬಿಡಬಾರದು."

ತಾಟನ್ನು ಕೆಳಗೆ ಒಯ್ದೆ. ಗೌಂಡಿ ಹೆಂಡತಿಯ ಬುತ್ತಿಯನ್ನೂ ಬಿಚ್ಚಿಸಿ, ಎರಡನ್ನೂ ಹಂಚಿಕೊಂಡು ಉಂಡು, ಅಂಗಳಕ್ಕೆ ಬಂದು ಮೇಲೆ ನೋಡಿ ಕೂಗಿದ: "ಅವ್ವಾರ, ಚಟ್ನಿ ಭಾರಿ ಆಗೇತ್ರಿ! ದಿನಾ ಬಡೀತೇನಿ ನೋಡ್ರಿ!"

ಕಿಟಕಿ ತೆರೆಯಿತು. "ಎಲ್ಲೆ ಕುಂತು ಉಂಡಿ ತಮ್ಮಾ?"

"ನಡುವ ಕುಂತಿದ್ನಿರಿ. ಹೊಸಾ ನೆಲ ತಣ್ಣಗ ಐತಿ."

ಅವ್ವ ಕಿಟಕಿಯನ್ನು ಮುಚ್ಚಲಿಲ್ಲ. ಆ ದಿನದಿಂದ ಅದು ತೆರೆದೇ ಇತ್ತು.

ಬಾಗಿಲು, ಕಿಟಕಿಗೆ ನಾನು ಬೀಳಗಿ ಕಡೆ ಹೋದೆ. ಅಣೆಕಟ್ಟಿನ ಹಿನ್ನೀರಿಗೆ ಊರುಗಳು ಹೋದಾಗ ಜನ ತಮ್ಮ ಮನೆಗಳ ಕಟ್ಟಿಗೆ ಬಿಚ್ಚಿಕೊಂಡು ಬಂದಿದ್ದರು. ಅದು ಕೈ ಬದಲಾಗುತ್ತ ಇನ್ನೂ ಮಾರಾಟಕ್ಕೆ ಸಿಗುತ್ತದೆ. ರಸ್ತೆ ಬದಿಯ ಬಯಲಿನಲ್ಲಿ ಬಾಗಿಲುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದರು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಬಾಡಗಂಡಿಯ ಸಕ್ಕರೆ ಕಾರ್ಖಾನೆ ಕಡೆ ಹೋಗುತ್ತಿದ್ದವು. ನಾನು ಸಾಗವಾನಿ ಬಾಗಿಲೊಂದನ್ನು ಆರಿಸಿದೆ. ಚೌಕಟ್ಟಿನ ಬುಡದಲ್ಲಿ ಅರಿಸಿಣ ಕುಂಕುಮದ ಕಲೆ ಕಟ್ಟಿಗೆಯೊಳಗೆ ಇಳಿದಿತ್ತು. ಮೇಲೆ ತೋರಣದ ಮೊಳೆಗಳ ತೂತುಗಳಿದ್ದವು. ಟೆಂಪೋದಿಂದ ಇಳಿಸುವಾಗ ಅವ್ವ ಮೇಲಿನಿಂದ ನೋಡುತ್ತಿದ್ದಳು.

"ಯಾರ ಮನಿ ಬಾಗಲಾ ಅದು?"

"ಮುಳುಗಡಿ ಆದ ಊರಿಂದಂತ ಬೇ."

"ಅವರು ಎಲ್ಲೆ ಹೋದರು?"

"ಬ್ಯಾರೆ ಕಡೆ ಮನಿ ಕಟ್ಟಿಕೊಂಡಾರ. ಸರಕಾರ ಜಾಗಾ ಕೊಟ್ಟೈತಿ."

"ಇರಾವರು ಹೋಗ್ಯಾರ," ಎಂದಳು. "ಸತ್ತವರಿಗೆ ಯಾರು ಹೇಳ್ಯಾರ? ಬಾಗಲಾ ಹುಡಿಕ್ಕೊಂಡು ಇಲ್ಲಿಗಿ ಬಂದರ?"

"ಬರ್ಲಿ ಬಿಡ್ರಿ ಅವ್ವಾರ," ಎಂದ ಗೌಂಡಿ, ಚೌಕಟ್ಟು ಹೊತ್ತುಕೊಂಡೇ. "ಬಂದವರಿಗೆ ಒಂದೊಂದು ಬುಟ್ಟಿ ಕೊಡೂಣು. ಆಳು ಸಿಗವಲ್ಲವು."

ಅವ್ವ ನಕ್ಕಳು. ಆ ನಗೆಯನ್ನು ನಾನು ಬಹಳ ದಿನ ಕೇಳಿರಲಿಲ್ಲ. ಅಂಗಳದಲ್ಲಿ ಮುಖ ತಿರುಗಿಸಿ ನಿಂತೆ.

ಶಟರನ್ನು ಗುಜರಿಯವನು ಬಿಚ್ಚಿಕೊಂಡು ಹೋದ. ಅವನು ಕೊನೆಗೆ ಸಳಿಯನ್ನೂ ಎತ್ತಿಕೊಂಡಾಗ ಮೇಲಿನಿಂದ ದನಿ ಬಂತು: "ಸಳಿ ಬಿಡಂತ ಹೇಳವಗ. ಅದು ನನ್ನ ಖೋಲಿದು."

ನನ್ನ ಖೋಲಿ ಎಂದು ಅವಳು ಅಂದದ್ದು ಅದೇ ಮೊದಲು.

ಅವಳನ್ನು ಇಳಿಸಿದ ಮುಂಜಾನೆ ಯಾರೂ ಎತ್ತಿಕೊಳ್ಳುವುದು ಬೇಡ ಎಂದಳು. ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರಿ ಇಳಿದಳು. ನಾನು ಮುಂದೆ ಹಿಮ್ಮುಖವಾಗಿ ಇಳಿಯುತ್ತಿದ್ದೆ. ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಳು. ಆ ಕಲೆಗಳ ಮೇಲೇ ತನ್ನ ಕುಂಕುಮ ಹಚ್ಚಿದಳು. ಒಳಗೆ ಫರಸಿ ಒಂದೇ ಸಮ ಇತ್ತು, ಎಲ್ಲಿ ಏನಿತ್ತೆಂದು ಗುರುತಿಸುವಂತಿರಲಿಲ್ಲ. ಅವಳು ಗೋಡೆ ಹಿಡಿದು ನಿಧಾನಕ್ಕೆ ಮಂಚದವರೆಗೆ ನಡೆದಳು, ನಡುವಿನ ಜಾಗ ತುಳಿಯದೆ, ಸುತ್ತು ಹಾಕಿ. ಸಳಿಯನ್ನು ತಲೆದಿಂಬಿನ ಪಕ್ಕ ಗೋಡೆಗೆ ಆನಿಸಿ ಇಡಿಸಿಕೊಂಡಳು.

ಮರುದಿನ ನಾನು ಇಳಿದಾಗ ಕಟ್ಟೆಯ ಮೇಲೆ ಕೂತಿದ್ದಳು. ಎದುರು ಮನೆಯ ಕಾಕುವಿನ ಜೊತೆ ಮಾತು ನಡೆದಿತ್ತು. "ನಿನ್ನ ಮಾರಿ ಮರತಿದ್ದೆ ನೋಡ," ಎನ್ನುತ್ತಿದ್ದಳು ಕಾಕುವಿಗೆ. "ಮ್ಯಾಲಿಂದ ಬರೇ ನಿನ್ನ ಬಕ್ಕ ತಲಿ ಕಾಣತಿತ್ತು." ಬಸ್ಸಿಗೆ ಹೋಗುವಾಗ ಹಿಡಿದ ಕೆಲಸ ಆಯಿತು ಎಂದು ನನಗೆ ಅನ್ನಿಸಿತು.

ಆದರೆ ಅಡುಗೆಮನೆ ಮೇಲೆಯೇ ಇತ್ತು. ಕೆಳಗೆ ಇನ್ನೊಂದು ಒಲೆ ಹೂಡುವಷ್ಟು ಜಾಗವಾಗಲಿ ದುಡ್ಡಾಗಲಿ ಇರಲಿಲ್ಲ. ಕಾಲೇಜಿನ ದಿನಗಳಲ್ಲಿ ಮುಂಜಾನೆಯೇ ಡಬ್ಬಿ ಕಟ್ಟಿ ಅವ್ವನ ಹತ್ತಿರ ಇಟ್ಟು ಹೋಗುತ್ತಿದ್ದೆ. ಉಳಿದ ಹೊತ್ತು ತಾಟು ಹಾಕಿಕೊಂಡು ನಾನೇ ಇಳಿಯುತ್ತಿದ್ದೆ. ಬಡಿಯುವುದು ನನ್ನಿಂದ ಆಗುತ್ತಿರಲಿಲ್ಲ. ಗುಂಡನ್ನು ಮತ್ತೆ ಮೇಲಿನ ಹಲಗೆಗೆ ಇಟ್ಟಿದ್ದೆ. ಅವ್ವ ಅದರ ಬಗ್ಗೆ ಕೇಳಲಿಲ್ಲ. ನಾವಿಬ್ಬರೂ ಕೇಳದೆ ಇರುವುದರಲ್ಲಿ ಪಳಗಿದವರು.

ಒಂದು ಭಾನುವಾರ ಮಧ್ಯಾಹ್ನ ಕೊನೆಯ ರೊಟ್ಟಿ ಹಂಚಿನ ಮೇಲಿತ್ತು. ಕರೆಂಟು ಹೋಗಿ ಓಣಿ ಸುಮ್ಮನಾಗಿತ್ತು. ನನ್ನ ಕಾಲ ಕೆಳಗೆ, ನೆಲದೊಳಗಿನಿಂದ, ಒಂದು ಬಡಿತ ಬಂತು. ಅಂಗಾಲಿಗೆ ತಾಗಿತು.

ನಾನು ಬಡಿದಿರಲಿಲ್ಲ. ಕತ್ತೆತ್ತಿ ನೋಡಿದೆ. ಗುಂಡು ಹಲಗೆಯ ಮೇಲೆ ಇಟ್ಟಲ್ಲೇ ಇತ್ತು. ರೊಟ್ಟಿ ಕರಕಾಗುವ ವಾಸನೆ ಬಂದ ಮೇಲೆ ಒಲೆ ಆರಿಸಿದೆ. ತಾಟು ಹಾಕಿಕೊಂಡು ಇಳಿದೆ. ಆ ಮೆಟ್ಟಿಲುಗಳನ್ನು ಅಷ್ಟು ನಿಧಾನವಾಗಿ ನಾನು ಎಂದೂ ಇಳಿದಿರಲಿಲ್ಲ.

ಅವ್ವ ಮಂಚದ ಮೇಲೆ ಕೂತಿದ್ದಳು, ಸಳಿ ತೊಡೆಯ ಮೇಲೆ.

"ಯಾಕ ಇಷ್ಟ ತಡಾ ಮಾಡಿದಿ? ನೀ ಬಡದು ಎಷ್ಟ ಹೊತ್ತಾತು."

ನಾನು ತಾಟನ್ನು ಮುಂದೆ ಇಟ್ಟೆ.

"ಎರಡು ಸಲ ಬಡದಿ ಅಲ್ಲ?" ಎಂದಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕೈ ಸಳಿಯನ್ನು ಬಿಗಿಯಾಗಿ ಹಿಡಿದಿತ್ತು. ಇಲ್ಲ ಎಂದರೆ ಅವಳು ಆ ಕೋಣೆಯಲ್ಲಿ ಇನ್ನೊಂದು ದಿನ ಇರುವುದಿಲ್ಲ. ಮತ್ತೆ ಮೇಲಿನ ಕಿಟಕಿ, ಓಣಿಯವರ ನೆತ್ತಿ.

"ಹೂಂ ಬೇ," ಎಂದೆ. "ಎರಡು ಸಲ."

ಅವಳ ಕೈ ಸಡಿಲಾಯಿತು. ಸಳಿಯನ್ನು ಗೋಡೆಗೆ ಆನಿಸಿದಳು. "ನೀನೂ ತಾಟು ತಗೊಂಡು ಬಾ. ಕೂಡಿ ಉಣ್ಣೂಣು. ಒಬ್ಬಾಕಿನ ಉಣಬಾರದು," ಎಂದಳು.

ನಾನು ಮೇಲೆ ಹೋಗಿ ಸ್ಟೂಲು ಎಳೆದು ಹತ್ತಿ ಗುಂಡನ್ನು ಇಳಿಸಿದೆ. ಆಮೇಲೆ ನನ್ನ ತಾಟು ತಂದೆ. ನಡುವಿನ ಫರಸಿಯ ಮೇಲೆ ಕೂತು ಉಂಡೆ. ಅಲ್ಲಿ ತಣ್ಣಗಿತ್ತು.

ಈಗ ಗುಂಡು ಒಲೆಯ ಪಕ್ಕದಲ್ಲೇ ಇರುತ್ತದೆ. ಅಡುಗೆ ಆಗುವ ಮೊದಲೇ, ಕೊನೆಯ ರೊಟ್ಟಿ ಇನ್ನೂ ಹಂಚಿನ ಮೇಲಿರುವಾಗಲೇ ನಾನು ಬಡಿದುಬಿಡುತ್ತೇನೆ, ಬೇರೆ ಯಾರಿಗೂ ಅವಕಾಶ ಕೊಡದಂತೆ. ಬಡಿದು ನಿಲ್ಲುತ್ತೇನೆ. ಲೂಮುಗಳು ನಡೆದಿದ್ದರೆ ಅಂಗಾಲಿನಿಂದ ಕೇಳಬೇಕಾಗುತ್ತದೆ. ಕೆಳಗಿನಿಂದ ಒಂದು ಬಡಿತ ಬರುವವರೆಗೆ ಗುಂಡನ್ನು ಕೈಯಿಂದ ಇಡುವುದಿಲ್ಲ. ಸ್ವಲ್ಪ ತಡವಾದರೂ ಮತ್ತೆ ಬಡಿಯುವುದಿಲ್ಲ. ಒಲೆ ಆರಿಸಿ ಇಳಿಯುತ್ತೇನೆ.